ಒಂದರಿಂದ ಐದರೊಳಗೆ

ಕ್ರಾಕೋವಿನಿಂದ ಬಂದ ಹುಡುಗ, ಮೂಗಿನ ತುದಿ ಚಳಿಗೆ ಕೆಂಪು,
ಕಾಗದ ಚಾಚಿ ಕೇಳುತ್ತಾನೆ:
ದೇವರ ನಂಬಿಕೆಯಿಂದ ಸಮಾಜಕ್ಕೆ ಒಳಿತಾಗುತ್ತದೆಯೆ?
ಒಂದರಿಂದ ಐದರೊಳಗೆ ಯಾವುದಾದರೂ ಅಂಕಿಗೆ ಸುತ್ತು ಹಾಕಿ, ಅಮ್ಮಾ.

ಕೂತುಕೋ. ಇದು ಗಣಿಯ ದೀಪದ ಕೋಣೆ.
ಇಪ್ಪತ್ತಾರು ವರ್ಷದಿಂದ ಈ ಕಿಟಕಿಯಲ್ಲಿ
ಹಿತ್ತಾಳೆ ಬಿಲ್ಲೆ ಇಸಕೊಂಡು ದೀಪ ಕೊಡುತ್ತೇನೆ,
ದೀಪ ಇಸಕೊಂಡು ಬಿಲ್ಲೆ ಕೊಡುತ್ತೇನೆ.
ನನಗೆ ಬರುವ ಲೆಕ್ಕ ಇಷ್ಟೆ.

ಇಲ್ಲಿ ಯಾರೂ ನಮಸ್ಕಾರ ಎನ್ನುವುದಿಲ್ಲ,
ದೇವರು ಒಳಿತು ಮಾಡಲಿ ಅನ್ನುತ್ತಾರೆ.
ಪಾರ್ಟಿಯ ಕಾಲದಲ್ಲೂ ಅಂದರು. ದೇವರಿಲ್ಲವೆಂದು
ಭಾಷಣ ಬಿಗಿಯುತ್ತಿದ್ದ ಎರ್ವಿನ್ ಕೂಡ
ಪಂಜರದ ಬಾಗಿಲು ಬಡಿದುಕೊಳ್ಳುವಾಗ ಅಂದ.
ಎಂಟುನೂರು ಮೀಟರ್ ಕೆಳಗೆ ಇಳಿಯುವವರು
ಕತ್ತಲಲ್ಲಿ ಪಕ್ಕದವನ ಹೆಗಲು ಮುಟ್ಟಿ ನೋಡಿದ ಹಾಗೆ ಅದು.

ಗೋಡೆಯ ಗೂಡಿನಲ್ಲಿ ಸಂತ ಬಾರ್ಬರಾ.
ಕಂಪನಿ ಆಕೆಗೆ ಹೊಸ ಬಣ್ಣ ಹೊಡೆಸಿತು, ಕಿರೀಟಕ್ಕೆ ಚಿನ್ನದ ರೇಕು.
ಅದೇ ವರ್ಷ ಆರನೆಯ ಸುರಂಗದಲ್ಲಿ
ಅನಿಲ ಅಳೆಯುವ ಯಂತ್ರ ಸುಮ್ಮಸುಮ್ಮನೆ ಕೂಗುತ್ತದೆಂದು
ಯಾರೋ ಅದರ ಮೂತಿಗೆ ಟೇಪು ಸುತ್ತಿದರು.
ಸುತ್ತಿದವನೂ ಬೆಳಿಗ್ಗೆ ಆಕೆಗೆ ಟೊಪ್ಪಿ ತೆಗೆದೇ ಇಳಿದಿದ್ದ.
ದೀಪ ಕೊಟ್ಟವಳು ನಾನು.

ಆ ಸಂಜೆ ಕೊಕ್ಕೆಗಳಲ್ಲಿ ಒಂಬತ್ತು ಬಿಲ್ಲೆ ಉಳಿದವು.
ನಾನೂರ ಹದಿನೇಳು, ನನ್ನ ಗಿಂತರ್.

ಪೆಟ್ಟಿಗೆಗಳ ಮುಂದೆ ನಿಂತು ಪಾದ್ರಿ ದೇವರ ಚಿತ್ತ ಎಂದರು.
ಗಣಿಯ ನಿರ್ದೇಶಕ ಶಿಲುಬೆ ಗುರುತು ಹಾಕಿಕೊಂಡ.
ಅಷ್ಟು ಹಗುರಾದ ಮುಖ ನಾನು ಮತ್ತೆಲ್ಲೂ ಕಂಡಿಲ್ಲ.
ಬೇಕಿದ್ದರೆ ಒಂದು ಎಂದು ಬರೆದುಕೋ.

ತಡಿ, ಬರೆಯಬೇಡ.
ಮೂವತ್ತು ದಿನ, ಗಂಟೆ ಆರು ಹೊಡೆಯುವುದರೊಳಗೆ,
ಜಪಮಾಲೆ ಸಂಘದ ಹೆಂಗಸರು ಹುಳಿಸೂಪು ತಂದರು.
ಹದಿನಾಲ್ಕು ವರ್ಷ ಮಾತು ಬಿಟ್ಟಿದ್ದ ಹಿಲ್ಡೆಗಾರ್ದಾ
ನನ್ನನ್ನು ಬೈದುಕೊಂಡೇ ಒಲೆಯ ಬೂದಿ ಬಾಚಿದಳು.
ಯೂನಿಯನ್ನಿನವರು ವಕೀಲನನ್ನು ಕರೆತಂದರು, ಅದೂ ನಿಜ.
ಟೇಪಿನ ಸಂಗತಿ ಹೊರಗೆ ಬಂದದ್ದು ಅವನಿಂದ.
ಸಾಕ್ಷಿಯ ದಿನ ನನ್ನ ಮೇಲಂಗಿಯ ಗುಂಡಿ ಹಾಕಿದ್ದು ಹಿಲ್ಡೆಗಾರ್ದಾ,
ನನ್ನ ಕೈ ನಿಲ್ಲುತ್ತಿರಲಿಲ್ಲ.

ಗಿಂತರ್ ನಂಬುತ್ತಿದ್ದನೆ? ಒಮ್ಮೆಯೂ ಕೇಳಲಿಲ್ಲ.
ಭಾನುವಾರದ ಪೂಜೆಯ ಹೊತ್ತಿಗೆ ಪಾರಿವಾಳದ ಗೂಡು ತೊಳೆಯುತ್ತ
ಅವುಗಳ ಜೊತೆ ಏನೋ ಗುನುಗುತ್ತಿದ್ದ.

ನಾನೆ? ಇಲ್ಲಪ್ಪ.
ಆದರೂ ಪಾಳಿಗೆ ಮುಂಚೆ ಬಾರ್ಬರಾಳ ಬಲ್ಬು ಒರೆಸುತ್ತೇನೆ.
ಆಮೇಲೆ ಒಂದೊಂದೇ ಅನಿಲಮಾಪಕ ಒತ್ತಿ ನೋಡುತ್ತೇನೆ.
ಕೂಗಬೇಕು. ಕೂಗದ್ದನ್ನು
ಪೋಪ್ ಬಂದು ಕೇಳಿದರೂ ಕೊಡುವುದಿಲ್ಲ.

ಪಾಳಿ ಬಂತು, ಸರಿ ಆಚೆ. ಕಾಗದ ಅಲ್ಲೇ ಇರಲಿ.
ದೇವರು ಒಳಿತು ಮಾಡಲಿ. ದೇವರು ಒಳಿತು ಮಾಡಲಿ.
ಏ ನಾನೂರ ಹದಿನೆಂಟು, ನಿನ್ನ ಬಿಲ್ಲೆ ಎಲ್ಲೋ?