ಏಳನೇ ಹೆಸರು

ರಾಜಧಾನಿಯ ಹತ್ತು ಸ್ಥಳ, ಹತ್ತು ಗಣ್ಯರು,
ನಾಳೆಗೇ ಬರೆದು ತರಬೇಕು, ಅಂದಿದ್ದರು ಜಲಜ ಟೀಚರು.
ಕಿನ್ನಿಮುಲ್ಕಿಯ ಜಗಲಿಯಲ್ಲಿ ಬೀಡಿ ಎಲೆ ಕತ್ತರಿಸುತ್ತಿದ್ದ ಅಮ್ಮ
ತಲೆಯೆತ್ತದೆ ಹೇಳಿದಳು:
ಭುಜಂಗಮಾವನಲ್ಲಿ ಕೇಳು,
ಮೂವತ್ತೊಂದು ವರ್ಷ ಡೆಲ್ಲಿಯ ಉಪ್ಪು ತಿಂದವ.

ಮಾವ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು,
ಹೋಟೆಲಲ್ಲಿ ನಿಂತು ನಿಂತು ನರ ಹಗ್ಗವಾದ ಕಾಲು.
ಕೆಂಪುಕೋಟೆ? ಹೊರಗಿಂದ ನೋಡಿದ್ದೇನೆ ಮಗಾ,
ಒಳಗೆ ಹೋಗಲು ಟಿಕೇಟು.
ಪಾರ್ಲಿಮೆಂಟು ಬರಿ. ಗುಂಡಗೆ, ನಮ್ಮ ಕಡೆಯುವ ಕಲ್ಲಿನ ಹಾಗೆ,
ಒಳಗೆ ಎಂತ ಕಡೆಯುತ್ತಾರೋ,
ಹಿಟ್ಟು ನಮ್ಮ ತನಕ ಬಂದದ್ದು ಕಾಣೆ.
ಕುತುಬ್ ಮಿನಾರು ಬರಿ.
ಅದಕ್ಕಿಂತ ಎತ್ತರ ಪೇರಿಸಿ ತೊಳೆದಿದ್ದೇನೆ ತಟ್ಟೆ.

ಗಣ್ಯರು ಅಂದರೆ ಯಾರು?
ಎಲ್ಲರಿಗೂ ಗೊತ್ತಿರುವವರು, ಅಂದೆ.
ಹಾಗಾದರೆ ಬರಿ:
ಒಬ್ಬ ಮಂತ್ರಿ, ಹೆಸರು ಬೇಡ,
ವಡೆಯ ತೂತಿನಿಂದ ನನ್ನನ್ನು ನೋಡಿ ನಕ್ಕವ.
ಮುಂದಿನ ವಾರ ಸೀಟು ಹೋಯಿತು, ಪಾಪ.
ಪಹಾಡಗಂಜಿನಲ್ಲಿ ಐಸಿನ ಗಾಡಿ ಎಳೆಯುವ ರಾಮರತಿ,
ಅವಳು ಬೈಯಲು ನಿಂತರೆ ಇಡೀ ಗಲ್ಲಿಯ ಬಾಗಿಲು ಮುಚ್ಚುತ್ತಿತ್ತು.
ಗಢವಾಲದ ಪ್ಲೇಟಿನ ಹುಡುಗ.
ಕಡಲು ಹೇಗಿರುತ್ತದೆ ಅಂತ ದಿನಾ ಕೇಳುತ್ತಿದ್ದ,
ಒಂದು ದಿನ ಉಪ್ಪಿನ ಡಬ್ಬಿ ಮೂಸಲು ಕೊಟ್ಟೆ.

ಪುಸ್ತಕದ್ದು ಮೂರು, ಮಾವನದ್ದು ಮೂರು,
ಆರಾಯಿತು, ಅಂದೆ. ಏಳನೆಯದು?

ಎಣ್ಣೆ ಬಾಟಲಿಯ ಮುಚ್ಚಳ ತಿರುಗಿಸಿದರು ಮಾವ,
ತಿರುಗಿಸುತ್ತಲೇ ಇದ್ದರು.
ಹೈವೇಯಲ್ಲಿ ಕುಂದಾಪುರದ ಎಕ್ಸ್‌ಪ್ರೆಸ್ಸು ಕೂಗಿ ಹೋಯಿತು.

ತ್ರಿಲೋಚನ.
ಟ್ಯಾಕ್ಸಿಯವ. ಅವರ ಬಾಯಲ್ಲಿ ತರ್‌ಲೋಚನ್,
ನಮ್ಮ ಬಾಯಿಗೆ ಸಿಕ್ಕಿ ತ್ರಿಲೋಚನ.
ದಿನಾ ಎರಡು ದೋಸೆ, ಚಟ್ನಿ ಬೇಡ, ಉಪ್ಪಿನಕಾಯಿ.
ಆ ನವೆಂಬರಿನಲ್ಲಿ,
ಟೈರು ಸುಟ್ಟ ಹೊಗೆ ಸಾಂಬಾರಿಗೂ ಹಿಡಿದಿತ್ತು,
ಹಿಂಬಾಗಿಲಿನಿಂದ ಬಂದ.
ಬಾಳೆಲೆ ಸೀಳುವ ಚೂರಿಯಲ್ಲಿ ನಾನೇ ಕೂದಲು ತೆಗೆದೆ.
ಸೊಂಟದ ತನಕ ಇತ್ತು ಮಗಾ.
ಅಳಲಿಲ್ಲ ಅವ.
ಒಲೆಗೆ ಹಾಕುವಾಗ ಮಾತ್ರ ಗೋಡೆಗೆ ತಿರುಗಿದ.

ಒಳಗೆ ಯಾರು, ಅಂತ ಸರಳು ಹಿಡಿದವರು ಕೇಳಿದರು.
ನಮ್ಮ ಕಡೆಯುವವರು, ತ್ರಿಲೋಚನ ಭಟ್ರು, ಉಡುಪಿಯವರು,
ಇವತ್ತು ಮೌನವ್ರತ, ಅಂದೆ.
ಹೆಸರು ಮಾತ್ರ ಸುಳ್ಳಲ್ಲ.
ಕಾಫಿ ಕುಡಿದು ಹೋದರು. ದುಡ್ಡು ಕೊಡಲಿಲ್ಲ.

ನಾನು ಬರೆದೆ: ಏಳು, ತ್ರಿಲೋಚನ ಭಟ್ರು, ಊರು ಉಡುಪಿ.
ಮಾವ ಕನ್ನಡಕ ಹಾಕಿ ಓದಿದರು,
ಊರನ್ನು ಹೊಡೆದು ಹಾಕಿದರು,
ಪೆನ್ಸಿಲು ಕಚ್ಚಿ ಸುಮಾರು ಹೊತ್ತು ಕೂತರು,
ಮತ್ತೆ ಅದರ ಪಕ್ಕದಲ್ಲೇ ಬರೆದರು, ಉಡುಪಿ.

ಟೀಚರು ಹತ್ತಕ್ಕೆ ನಾಲ್ಕು ಕೊಟ್ಟರು,
ಏಳರ ಸುತ್ತ ಒಂದು ಕೆಂಪು ಸೊನ್ನೆ.

ಆಮೇಲೆ ಎಂತಾಯಿತು ಅವನಿಗೆ, ಕೇಳಿದ್ದೆ ಆವತ್ತೇ.
ನಾಲ್ಕು ದಿನ ಕಡೆದ. ಹಿಟ್ಟು ನುಣ್ಣಗಾಗುತ್ತಿರಲಿಲ್ಲ,
ಗಿರಾಕಿಗಳು ಗೊಣಗಿದರು.
ಐದನೇ ಬೆಳಿಗ್ಗೆ ಇರಲಿಲ್ಲ.
ಹನ್ನೊಂದು ರೂಪಾಯಿ ಎಂಬತ್ತು ಪೈಸೆ,
ಲೆಕ್ಕದ ಪುಸ್ತಕದಲ್ಲಿ ಬಾಕಿ ಹಾಗೇ ಉಂಟು.
ಯಾರು ಯಾರಿಗೆ ಕೊಡಬೇಕಿತ್ತೋ,
ಅದೊಂದು ಮರೆತುಹೋಗಿದೆ ನೋಡು.