ಇಪ್ಪತ್ತೈದರ ಡಬ್ಬಿ

ಬಸಲಿಂಗಮ್ಮ ಟೀಚರು ಪಿಸ್ತೂಲು ತಂದದ್ದು
ಹಳೇ ಇಳಕಲ್ ಸೀರಿಯ ತುಂಡಿನ್ಯಾಗ ಸುತ್ತಿ,
ಕೈಚೀಲದಾಗ, ಮ್ಯಾಲ ಒಂದು ಸಿವುಡು ಕೊತ್ತಂಬರಿ.
ಲೈಸೆನ್ಸಿನ ಬುಕ್ಕು, ಠಾಣೆಯ ಚೀಟಿ, ವಾರಸಾ ಕಾಗದ
ಒಂದರ ಮ್ಯಾಲೊಂದು ಮೇಜಿಗಿಟ್ಟು
'ಅಪ್ಪಂದು. ಈಗ ತಮ್ಮನ ಹೆಸರಿಗೆ ಆಗೇತಿ.
ಹೊಸದರಂಗ ಮಾಡಿಕೊಡ್ರಿ, ರಾಜೇಸಾಬ್ರ' ಅಂದ್ರು.

ಬೆಟಗೇರಿಯ ಮಧ್ಯಾಹ್ನ. ಕರೆಂಟು ಹೋಗಿ ಮಗ್ಗ ಎಲ್ಲಾ ನಿಂತಿದ್ದುವು.
ನನ್ನ ಅಂಗಡಿ ಅಂದ್ರ ಎಷ್ಟು:
ಒಂದು ಬಾಗಿಲ, ಒಂದು ವೈಸು, ಅಬ್ಬಾ ಬಿಟ್ಟುಹೋದ ಹದಿನಾಲ್ಕು ಅರ.

ಸವೆತ ಓದೂದು ನನ್ನ ಕಸುಬು.
ಮೂತಿಯ ಕಡೆ ಕಪ್ಪು ಹೋಗಿ ಬೆಳ್ಳಗಾದದ್ದು
ತೊಗಲ ಚೀಲದಾಗ ದಿನಾ ಇಳದು ಏರಿದ್ದಕ್ಕ.
ಹಿಡಿಯ ಹಿಂದ ಉಪ್ಪು ತಿಂದ ಕಲೆ, ಅದು ಬೆವರು.
ಅಂದಾನೆಪ್ಪ ಮುಳಗುಂದ, ಹತ್ತಿ ದಲಾಲ,
ನರಗುಂದ, ರೋಣ, ಮತ್ತ ನರಗುಂದ,
ರೊಕ್ಕದ ಗಂಟು ತೊಡಿಯ ಮ್ಯಾಲಿಟ್ಟು ಜೀಪಿನ್ಯಾಗ ಕುಂತರ
ಇದು ಅವರ ಪಕ್ಕೆಲುಬು ಒತ್ತತಿತ್ತು.
ಸ್ಕ್ರೂದ ಸಂದ್ಯಾಗ ಹತ್ತಿಯ ಎಳಿ ಒಂದು ಇನ್ನೂ ಇತ್ತು,
ಎಣ್ಣಿ ಕುಡದು ಕರ್ರಗಾಗಿ.

'ಒಮ್ಮೆನೂ ಹಾರಿಸಿಲ್ಲ ಅಂತಾರ ಎಲ್ಲಾರೂ' ಅಂದ್ರು, ಹೋಗೂ ಮುಂದ.

ನಳಿಗೆ ಬಿಚ್ಚಿ ಕಿಡಕಿಯ ಕಡೆ ಹಿಡಿದೆ.
ಒಳಗ ಬೆಳಕು ಸುತ್ತಕೋತ ಇಳೀತೈತಿ,
ಲಕ್ಕುಂಡಿಯ ಬಾವಿಗೆ ಕೊಡ ಹೊತ್ತಾಕಿ ಇಳದಂಗ.
ನಡುವ ಒಂದು ಕಡೆ ನಿಂತಿತು.
ಸಾಸಿವಿ ಒಡದಂಥಾ ಕುಣಿ, ನಾಕೋ ಐದೋ.
ಹಾರಿಸಿ, ತೊಳೀದ ಹಂಗ ಬಿಟ್ಟರ ಬೀಳೂವಂಥವು.
ಡಬ್ಬಿ ತೆಗೆದು ಎಣಿಸಿದೆ. ಇಪ್ಪತ್ನಾಲ್ಕು.
ದಾವಲ ಎಣಿಸಿದ. ಇಪ್ಪತ್ನಾಲ್ಕು.
'ಎಲ್ಲೋ ಬಿದ್ದಿರಬೇಕು ಬಿಡು, ಕಾಕಾ.'

ಸೀಮೆಎಣ್ಣಿಯಾಗ ಒಂದು ರಾತ್ರಿ.
ಆಮ್ಯಾಲ ಮರಳುಕಾಗದ: ಒರಟು, ಸಣ್ಣದು, ಇನ್ನೂ ಸಣ್ಣದು.
ಅವಸರದವರು ಕೆಡಸೂದು ಇಲ್ಲೇ.
ತುಕ್ಕಿನ ಜೋಡಿ ನಂಬರನ್ನೂ ತಿಕ್ಕಿ
ಹೆಸರಿಲ್ಲದ ಕಬ್ಬಿಣ ಮಾಡಿ ಕೊಡತಾರ.
ಅಂಚು ಅಂಚಾಗೇ ಇರಬೇಕು, ಅಬ್ಬಾ ಅಂತಿದ್ದ,
ಬಚ್ಚಲದಾಗಿನ ಸಾಬಾಣದ ಚೂರಲ್ಲ ಇದು.

ನೀಲಿ ಏರಸೂ ದಿನ ನಾ ಯಾರ ಕೂಡೂ ಮಾತಾಡೂದಿಲ್ಲ.
ಬರಿಗೈ ತಾಗಿದರ ಬೆರಳ ಗುರುತು ಅಲ್ಲೇ ಕುಂತುಬಿಡತೈತಿ.
ಅರಿವಿ ಸುತ್ತಿ ಹಚ್ಚಿದೆ, ಒರಸಿದೆ, ಹಚ್ಚಿದೆ.
ಮೊದಲ ಬೂದಿ.
ಆಮ್ಯಾಲ ಪಾರಿವಾಳದ ಕುತ್ತಿಗಿ.
ಐದನೇ ಸಲಕ್ಕ ಬಂತು ನೋಡ್ರಿ,
ನಸಿಕಿನ್ಯಾಗ ದೂರದಿಂದ ಕಂಡ ಕಪ್ಪತಗುಡ್ಡದ ಬಣ್ಣ,
ಕಪ್ಪೂ ಅಲ್ಲ, ನೀಲೀನೂ ಅಲ್ಲ.

ಶುಕ್ರವಾರ ನಮಾಜು ಮುಗಿಸಿ ಬಂದರ
ಬಾಗಿಲದಾಗ ಕಾಯಕೋತ ನಿಂತಿದ್ರು.
ಒಳಗ ತಿಕ್ಕಿದರ ಹೊಳಪು ಬರತೈತಿ, ಕುಣಿ ಹೋಗೂದಿಲ್ಲ,
ಇದನ್ನ ಹೆಂಗ ಹೇಳಲಿ ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ.
ಅವರೇ ಕೇಳಿದ್ರು.
'ಒಳಗ ನೋಡಿದ್ರೇನು?'
'ನೋಡೇನ್ರಿ.'
ಓಣಿಯಾಗ ಒಂದು ಮಗ್ಗ ಶುರು ಆತು, ನಿಂತಿತು, ಮತ್ತ ಶುರು ಆತು.
'ನಮ್ಮ ಮನ್ಯಾಗ ಒಂದು ಕುದರಿ ಇತ್ತು' ಅಂದ್ರು.
'ಬಿಳೇದು. ಜಿನ್ನಿಂಗ್ ಮಿಲ್ಲಿನ ಗಟಾರದಾಗ ಕಾಲು ಮುರಕೊಂತು.
ನಾ ಎಂಟು ವರ್ಷದಾಕಿ. ತಮ್ಮ ಇನ್ನೂ ಹುಟ್ಟಿರಲಿಲ್ಲ.
ಅವತ್ತಿನಿಂದ ಅಪ್ಪ ಇದನ್ನ ಒರಸಲಿಲ್ಲ, ಬಿಡಲೂ ಇಲ್ಲ.
ಸೊಂಟಕ್ಕ ಹಾಕ್ಕೊಂಡ ತಿರಗಿದಾ.'

ರಿಜಿಸ್ಟರಿನ್ಯಾಗ ಬರದೆ:
ಹೊರಮೈ ನೀಲಿ. ಹಿಡಿಗೆ ಹೊಸ ಬೀಟಿ ಕಟ್ಟಿಗಿ. ಸ್ಕ್ರೂ ಎರಡು.
ನಳಿಗೆ, ಅಂತ ಬರದು ಪೆನ್ನು ನಿಂತಿತು.
ಎಣ್ಣಿ ಹಚ್ಚಿದೆ, ಅಂತ ಬರದೆ.

ಸೀರಿಯ ತುಂಡು ಒಗದು ತಂದಿದ್ರು, ಮಡಿಕಿ ಬಿಚ್ಚಿ ಸುತ್ತಿದ್ರು.
ಹೋದ ಮ್ಯಾಲ ದಾವಲ ಕಸಾ ಹೊಡಕೋತ ಕೇಳಿದ:
'ಆ ಕುದರಿ ಹೆಸರು ಏನಿತ್ತಂತ, ಕಾಕಾ?'

ಕೇಳಬೇಕಿತ್ತು ನಾನು.