ಎರಡೂ ಕಡೆಯ ಅಂಗಿ

ರೂವಿಯ ಈ ಗಲ್ಲಿಯಲ್ಲಿ ನನ್ನ ಲಾಂಡ್ರಿ.
ಎಡಕ್ಕೆ ನಡೆದರೆ ಗುಡ್ಡದ ಬುಡದ ಶಾಲೆ,
ಬಲಕ್ಕೆ, ಒಣಗಿದ ವಾದಿ ದಾಟಿದರೆ, ಬಿಳಿ ಗೇಟಿನದು.
ಗುಡ್ಡದವರದು ನೇರಳೆ, ಗೇಟಿನವರದು ಹಳದಿ.
ಎರಡನ್ನೂ ಒಂದೇ ಮಿಷನ್ನಿಗೆ ಹಾಕುವುದಿಲ್ಲ,
ಬಣ್ಣ ಬಿಡುತ್ತದೆ.
ನನಗೆ ಗೊತ್ತಿರುವ ವೈರ ಅಷ್ಟೇ.

ನೇರಳೆಯ ನಾಲ್ಕನೆಯವನಿಗೆ ಕಂಕುಳಲ್ಲಿ ಹೊಲಿಗೆ ಬಿಡುತ್ತದೆ,
ಹಳದಿಯ ಒಂಬತ್ತು ಕತ್ತಿನ ಪಟ್ಟಿ ಕಚ್ಚುತ್ತಾನೆ,
ಸೋಲುತ್ತಿದ್ದರೆ ಜಾಸ್ತಿ.
ಸ್ಕೋರು ನನಗೆ ಯಾರೂ ಹೇಳಬೇಕಿಲ್ಲ.

ಆದರೂ ಹೇಳುತ್ತಾರೆ.
ಶುಕ್ರವಾರ, ಜುಮ್ಮಾ ಬಿಟ್ಟಮೇಲೆ
ನನ್ನ ಅಂಗಡಿಯೇ ಕೋರ್ಟು.
ಕುರ್ಚಿ ಎರಡು, ಬಾಯಿ ಎಂಟು.

ಕ್ಯಾಫೆಟೇರಿಯಾದ ಇದ್ದಿನಬ್ಬ, ಒದ್ದೆ ಕೈ ಒರೆಸುತ್ತ:
“ಐವತ್ತೆರಡು, ಐವತ್ತೊಂದು. ಮೂರು ಸೆಕೆಂಡು ಬಾಕಿ.
ಎರಡು ಫ್ರೀ ಥ್ರೋ, ಒಂದು ಬಿದ್ದಿದ್ದರೂ ಸಮ.
ಎದುರಿಗೆ ಯಾರೂ ಇಲ್ಲ, ಗಾಳಿಯೂ ಇಲ್ಲ.
ಹಾಕಲಿಕ್ಕೆ ಏನು ದಾಡಿ ಮಾರಾಯ?”
ಅವನ ಮಗನಿಗೆ ಎರಡು ಶಾಲೆಯಲ್ಲೂ ಸೀಟು ಸಿಗಲಿಲ್ಲ,
ಊರಲ್ಲಿ ಅಜ್ಜಿಯ ಜತೆ ಇದ್ದಾನೆ.

ವಾಮನ ಕೊಟ್ಟಾರಿ, ಲೆಕ್ಕ ಬರೆಯುವವರು:
“ಹನ್ನೊಂದನೇ ನಂಬರಿನವನನ್ನು ಇಳಿಸಿದ್ದೇ ತಪ್ಪು.
ಎತ್ತರ ಇದ್ದರೆ ಆಯಿತಾ?
ತೆಂಗಿನ ಮರವೂ ಎತ್ತರ ಇದೆ.”

ನೈಟ್ ಡ್ಯೂಟಿ ಮುಗಿಸಿ ಬಂದ ಫ್ಲೋರಿನ್ ಬಾಯಿ
ಬಿಳಿ ಕೋಟು ಕೌಂಟರಿಗೆ ಎಸೆದು:
“ಹಳದಿಯವನ ಮೊಣಕೈ ಎಲ್ಲಿತ್ತು ನೋಡಿದಿರಾ?
ರೆಫರಿಗೆ ಎಕ್ಸ್‌ರೇ ತೆಗೆದೇ ತೋರಿಸಬೇಕೇನೋ.”

ಟ್ಯಾಕ್ಸಿಯ ಖಲ್ಫಾನ್, ತನ್ನ ಅರ್ಧ ಹಿಂದಿಯಲ್ಲಿ:
ಹತ್ತು ವರ್ಷದಿಂದ ನೋಡುತ್ತಿದ್ದಾನಂತೆ,
ನಮ್ಮ ಎರಡು ಶಾಲೆಯ ಮಕ್ಕಳೂ ಪಾಸ್ ಕೊಡುವುದಿಲ್ಲವಂತೆ,
ಥೇಟು ನಮ್ಮ ಹಾಗೇ ಅಂತೆ.

ನನ್ನನ್ನೂ ಕೇಳಿದರು.
ಬಟ್ಟೆಗೆ ನೀರು ಚಿಮುಕಿಸಿದೆ.
ಎರಡೂ ಕಡೆಯವರು ತಿಂಗಳ ಲೆಕ್ಕದ ಗಿರಾಕಿಗಳು,
ಅಭಿಪ್ರಾಯ ಇಟ್ಟುಕೊಳ್ಳುವಷ್ಟು
ಬಂಡವಾಳ ನನ್ನಲ್ಲಿಲ್ಲ.

ಆಗಲೇ ಬಾಗಿಲು ತೆರೆದು
ಚೌಕಟ್ಟಿಗೆ ತಲೆ ತಗ್ಗಿಸಿ ಒಳಬಂದ,
ಹನ್ನೊಂದು.
ಕೈಯಲ್ಲಿ ಚೀಟಿ. ಬಾಬು ಶೇರಿಗಾರ, ನೀಲಿ ಅಂಗಿ, ಒಂದು.

ಇದ್ದಿನಬ್ಬನಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಕಂಡಿತು.
ಕೊಟ್ಟಾರಿಯವರು ಬೈಸೆ ಎಣಿಸಿದರು,
ಮತ್ತೊಮ್ಮೆ ಎಣಿಸಿದರು.
ಫ್ಲೋರಿನ್ ಬಾಯಿ ಮಾತ್ರ
“ತುಟಿಗೆ ಐಸ್ ಇಟ್ಟಿದ್ದೆಯಾ?” ಎಂದರು.

“ಅಪ್ಪನಿಗೆ ಇನ್ನೂ ಗೊತ್ತಿಲ್ಲ,” ಹುಡುಗ ನನ್ನತ್ತ ಬಾಗಿ,
“ನಿನ್ನೆ ಟ್ಯಾಂಕರು ಸೀಬ್‌ಗೆ ಹೋಗಿತ್ತು.
ಬಂದರೆ ಹೇಳಬೇಡಿ, ನಾನೇ ಹೇಳ್ತೇನೆ.”

ಬೆಳಿಗ್ಗೆ ಬಾಬು ತಾನೇ ತಂದು ಕೊಟ್ಟ ಅಂಗಿ.
ಎರಡೂ ಮೊಣಕೈಗೆ ತುಕ್ಕು,
ತಂತಿಬೇಲಿಯ ಜಾಲಿ ಅಚ್ಚೊತ್ತಿದ ಹಾಗೆ,
ಹುಳಿ ಹಾಕಿ ತಿಕ್ಕಿದರೂ ಪೂರ್ತಿ ಹೋಗಿಲ್ಲ.
ಜೇಬಿನಲ್ಲಿ ನೀರು ಸರಬರಾಜಿನ ರಸೀದಿ,
ಹಿಂದುಗಡೆ ಪೆನ್ಸಿಲಿನ ಗೆರೆಗಳು,
ಐದೈದಕ್ಕೆ ಅಡ್ಡಗೀಟು, ಹಾಲಿನ ಲೆಕ್ಕದಂತೆ.
ಇಪ್ಪತ್ತಮೂರು.
ಪಕ್ಕದಲ್ಲಿ ಎರಡು ಸೊನ್ನೆ.
ಅವನ್ನೂ ಬರೆದಿದ್ದ, ನೀಟಾಗಿ, ದುಂಡಗೆ.

ತೊಳೆಯುವ ಮೊದಲು ತೆಗೆದಿಟ್ಟಿದ್ದೆ.
ಮಡಚಿದ ಅಂಗಿಯ ಜೇಬಿಗೆ ಮತ್ತೆ ತುರುಕಿ
ಗುಂಡಿ ಹಾಕಿದೆ.
ಹುಡುಗ ನೋಡಲಿಲ್ಲ. ನಾನೂ ಹೇಳಲಿಲ್ಲ.
ಇನ್ನೂರು ಬೈಸೆ ಕೊಟ್ಟು, ತಲೆ ತಗ್ಗಿಸಿ, ಹೋದ.

ಸ್ವಲ್ಪ ಹೊತ್ತು
ಇಸ್ತ್ರಿಯ ಹಬೆ ಮಾತ್ರ ಸದ್ದು ಮಾಡಿತು.

ಆಮೇಲೆ ಇದ್ದಿನಬ್ಬ, ಯಾರನ್ನೂ ನೋಡದೆ:
“ಆ ಕಡೆಯ ರಿಂಗು ಒಂಚೂರು ವಾಲಿದೆ,
ಗಮನಿಸಿದ್ದೀರಾ?”

ವಾಲಿದೆ, ಎಂದರು ಕೊಟ್ಟಾರಿ.
ಎಡಕ್ಕೆ, ಎಂದ ಖಲ್ಫಾನ್.
ಆ ಕೋರ್ಟಿಗೆ ಒಮ್ಮೆಯೂ ಕಾಲಿಡದ ನಾನೂ
ಹೌದು, ಎಡಕ್ಕೇ ಎಂದೆ.